ಒಂದೇ ಫೈನಲ್, ನಾಲ್ಕು ಲೆಕ್ಕ

2022ರ ಡಿಸೆಂಬರ್ 18ರ ರಾತ್ರಿ ಕತಾರಿನ ಲುಸೇಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಫ್ರಾನ್ಸನ್ನು ಸೋಲಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದದ್ದು ಎಲ್ಲರಿಗೂ ಗೊತ್ತು. ಹೇಗೆ ಗೆದ್ದಿತು ಎಂದು ಕೇಳಿದರೆ ನಮ್ಮ ಮನೆಯೊಂದರಲ್ಲೇ ಮೂರು ಉತ್ತರ ಸಿಗುತ್ತದೆ. ಮೆಸ್ಸಿಯಿಂದ ಎನ್ನುತ್ತಾಳೆ ಮಗಳು. 123ನೇ ನಿಮಿಷದಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿಯ ಹೊಡೆತಕ್ಕೆ ಅಡ್ಡ ಬಂದ ಗೋಲ್‌ಕೀಪರ್ ಮಾರ್ಟಿನೆಜ್‌ನ ಎಡಗಾಲಿನಿಂದ ಎನ್ನುತ್ತಾನೆ ಅಕ್ಕನ ಮಗ. ನನ್ನದು ಅರ್ಜೆಂಟೀನಾದ ಎಡಬದಿಯ ಆಟಗಾರ ಡಿ ಮರಿಯಾ ಪಕ್ಷ.

ಈ ಜಗಳ ತೀರಿಸಿಕೊಳ್ಳಲು ಅದೇ ಪಂದ್ಯವನ್ನು ನಾಲ್ಕು ಬಗೆಯಲ್ಲಿ ಅಳೆದು ನೋಡಿದೆ. ಪೆನ್ಸಿಲ್ ಮತ್ತು ನೋಟ್‌ಬುಕ್ ಒಂದು. ಮೊಬೈಲಿನಲ್ಲಿ ಸಿಗುವ ಸಿದ್ಧ ಅಂಕಿಗಳು ಎರಡು. ಸ್ಟ್ಯಾಟ್ಸ್‌ಬಾಂಬ್ ಸಂಸ್ಥೆ ಉಚಿತವಾಗಿ ಬಿಟ್ಟಿರುವ ಕಚ್ಚಾ ದತ್ತಾಂಶ ಮೂರು. ವಿಡಿಯೊವನ್ನು ತುಂಡರಿಸಿ ಗುರುತು ಹಾಕುವ ತಂತ್ರಾಂಶ ನಾಲ್ಕು. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಬೆಂಗಳೂರಿನ ನಮ್ಮ ಬಡಾವಣೆಯ ಹುಡುಗರ ತಂಡಕ್ಕೆ ಭಾನುವಾರಗಳಂದು ಲೆಕ್ಕ ಬರೆಯುವವನು ನಾನೇ. ಈ ನಾಲ್ಕರಲ್ಲಿ ಯಾವುದು ನಮಗೆ ಒಗ್ಗುತ್ತದೆ ಎಂದು ತಿಳಿಯಬೇಕಿತ್ತು.

ಮೊದಲು ನೋಟ್‌ಬುಕ್. ಮೈದಾನದ ಚಿತ್ರ ಬರೆದು, ಉದ್ದಕ್ಕೆ ಆರು, ಅಗಲಕ್ಕೆ ಮೂರರಂತೆ ಹದಿನೆಂಟು ಮನೆ ಮಾಡಿದೆ. ಚೆಂಡು ಕಳೆದುಕೊಂಡ ಕಡೆ ಗುಣಿಸುವ ಚಿಹ್ನೆ, ಎದುರಾಳಿಯ ಪೆನಾಲ್ಟಿ ಆವರಣಕ್ಕೆ ಚೆಂಡು ಹೋದರೆ ಬಾಣ, ಗೋಲಿನತ್ತ ಹೊಡೆದರೆ ಸೊನ್ನೆ. ಪಂದ್ಯದ ಪೂರ್ತಿ ಚಿತ್ರೀಕರಣವನ್ನು ಎಲ್ಲಿಯೂ ನಿಲ್ಲಿಸದೆ, ಮೈದಾನದಲ್ಲಿ ಕುಳಿತವನಂತೆ ನೋಡುವುದು ನಾನೇ ಹಾಕಿಕೊಂಡ ನಿಯಮ. ಮೊದಲಾರ್ಧ ಸಲೀಸಾಗಿ ಸಾಗಿತು. ಅರ್ಜೆಂಟೀನಾದ ಎಡಬದಿಯ ಮನೆಗಳಲ್ಲಿ ಬಾಣಗಳು ಒಂದರ ಮೇಲೊಂದು ಬಿದ್ದು ಕಾಗದ ಕಪ್ಪಾಯಿತು. ಫ್ರಾನ್ಸ್ ಕಡೆ ಒಂದೂ ಸೊನ್ನೆಯಿಲ್ಲ. ಅದು ನನ್ನ ಕಣ್ತಪ್ಪಲ್ಲ, ಮೊದಲಾರ್ಧದಲ್ಲಿ ಫ್ರಾನ್ಸ್ ಗೋಲಿನತ್ತ ಒಂದು ಹೊಡೆತವನ್ನೂ ಬಾರಿಸಿರಲಿಲ್ಲ.

ಎಡವಟ್ಟಾದದ್ದು 80ನೇ ನಿಮಿಷದಲ್ಲಿ. ಅರ್ಜೆಂಟೀನಾದ ಒಟಮೆಂಡಿ ಎದುರಾಳಿಯನ್ನು ಎಳೆದು ಕೆಡವಿದ್ದು, ಫ್ರಾನ್ಸ್‌ನ ಎಂಬಾಪೆಯ ಪೆನಾಲ್ಟಿ, ಗೋಲು, ಎಲ್ಲವನ್ನೂ ಬರೆದು ತಲೆಯೆತ್ತುವಷ್ಟರಲ್ಲಿ ಎಂಬಾಪೆ ಎರಡನೆಯದನ್ನೂ ಹೊಡೆದು ಓಡುತ್ತಿದ್ದ. ಎರಡು ಗೋಲುಗಳ ನಡುವಿನ ಅಂತರ 97 ಸೆಕೆಂಡು. ಕೋಮಾನ್ ಮೆಸ್ಸಿಯಿಂದ ಚೆಂಡು ಕಿತ್ತದ್ದು, ಥುರಾಮ್ ಅದನ್ನು ಎಂಬಾಪೆಗೆ ಎತ್ತಿಕೊಟ್ಟದ್ದು ಯಾವುದೂ ನನ್ನ ನೋಟ್‌ಬುಕ್ಕಿನಲ್ಲಿಲ್ಲ. ಇಡೀ ಪಂದ್ಯ ತಿರುಗಿದ ಜಾಗದಲ್ಲಿ ನನ್ನ ದಾಖಲೆ ಬಿಳಿ ಹಾಳೆ.

ಇಷ್ಟಾದರೂ ನಾಲ್ಕರಲ್ಲಿ ನನಗೆ ಹೆಚ್ಚು ಆಟ ಕಾಣಿಸಿದ್ದು ಪೆನ್ಸಿಲ್ಲೇ. ಏನನ್ನು ಬರೆಯಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದರಿಂದ ಕಣ್ಣು ಚೆಂಡಿನ ಹಿಂದೆ ಸುಮ್ಮನೆ ಅಲೆಯಲಿಲ್ಲ. ಆದರೆ ಬರೆದ ಗೆರೆಗಳಿಂದ ಅರ್ಥ ತೆಗೆಯುವಾಗ ಎಚ್ಚರ ಬೇಕು. ಈ ಪದ್ಧತಿಯ ಮೂಲಪುರುಷರಲ್ಲಿ ಒಬ್ಬರು ಚಾರ್ಲ್ಸ್ ರೀಪ್. ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಅವರು 1950ರ ಮಾರ್ಚ್‌ನಲ್ಲಿ ಸ್ವಿಂಡನ್ ಟೌನ್ ತಂಡದ ಪಂದ್ಯವೊಂದರ ದ್ವಿತೀಯಾರ್ಧದಲ್ಲಿ ಕೈಯಲ್ಲೇ ಲೆಕ್ಕ ಬರೆಯಲು ಶುರು ಮಾಡಿದವರು, ಮುಂದೆ ದಶಕಗಟ್ಟಲೆ ಬಿಡಲಿಲ್ಲ. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬರುತ್ತವೆ ಎಂದು ಅವರು ಕಂಡುಕೊಂಡರು. ಹಾಗಾದರೆ ಚೆಂಡನ್ನು ಉದ್ದಕ್ಕೆ ಒದ್ದು ಬೇಗ ಮುಂದೆ ಸಾಗಿಸಿ ಎಂಬ ವಾದಕ್ಕೆ ಅದೇ ಆಧಾರವಾಯಿತು. ಎಣಿಕೆಯಲ್ಲಿ ತಪ್ಪಿರಲಿಲ್ಲ. ಫುಟ್‌ಬಾಲ್‌ನಲ್ಲಿ ಹೆಚ್ಚಿನ ಆಕ್ರಮಣಗಳು ಮುಗಿಯುವುದೇ ಮೂರು ಪಾಸ್‌ಗಳೊಳಗೆ, ಆದ್ದರಿಂದ ಗೋಲುಗಳೂ ಅಲ್ಲೇ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಅವರು ತೂಗಲಿಲ್ಲ. ನನ್ನ ಕಪ್ಪಾದ ಎಡಬದಿಯ ಮನೆಗಳೂ ಅದೇ ಬಲೆ. ಅಲ್ಲಿ ಬಾಣ ಹೆಚ್ಚು ಬಿದ್ದದ್ದು ಅಲ್ಲಿಂದ ಹೋದದ್ದು ಫಲಿಸುತ್ತಿತ್ತು ಎಂದೋ, ಚೆಂಡು ಅಲ್ಲಿಗೇ ಹೆಚ್ಚು ಹೋಗುತ್ತಿತ್ತು ಎಂದೋ? ಬಾಣಗಳನ್ನು ಎಷ್ಟು ನೋಡಿದರೂ ಇದಕ್ಕೆ ಉತ್ತರ ಸಿಗದು.

ಸಿದ್ಧ ಅಂಕಿಗಳ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ನಿಮಿಷದಲ್ಲಿ ಸಿಗುತ್ತವೆ, ಚಹಾ ಕುಡಿಯುತ್ತಾ ವಾದಿಸಲು ಒಳ್ಳೆಯವು. ಚೆಂಡಿನ ಮೇಲಿನ ಹಿಡಿತ ಎಂಬ ಶೇಕಡಾವಾರನ್ನೇ ನೋಡಿ. ಆಪ್ಟಾ ಎಂಬ ದತ್ತಾಂಶ ಸಂಸ್ಥೆಯವರು ಅದನ್ನು ಪಾಸ್‌ಗಳ ಲೆಕ್ಕದಿಂದ ತೆಗೆಯುತ್ತಾರೆ. ಫಿಫಾ 2022ರ ವಿಶ್ವಕಪ್‌ನಲ್ಲಿ ಎರಡು ತಂಡಗಳ ಪಾಲಿನ ಜೊತೆಗೆ ಯಾರ ಕೈಗೂ ಸೇರದೆ ಪೈಪೋಟಿಯಲ್ಲಿದ್ದ ಸಮಯವನ್ನು ಮೂರನೆಯ ಪಾಲಾಗಿ ತೋರಿಸಿತು. ಪಂದ್ಯ ಒಂದೇ, ಅಂಕಿ ಎರಡು. ಹೋಗಲಿ, ಅಂಕಿ ಸರಿಯಿದೆ ಎಂದೇ ಇಟ್ಟುಕೊಳ್ಳೋಣ. ಅದೇ ಕೂಟದಲ್ಲಿ ಜಪಾನ್ ಸ್ಪೇನನ್ನು 2-1ರಿಂದ ಸೋಲಿಸಿದಾಗ ಜಪಾನಿನ ಹಿಡಿತ ಶೇ 17.7 ಮಾತ್ರ. ಫೈನಲ್‌ನಲ್ಲಿ ಎರಡನೇ ಗೋಲಿನ ಸಿದ್ಧ ದಾಖಲೆ ತೆರೆದರೆ ಹೊಡೆದವನು ಡಿ ಮರಿಯಾ, ಪಾಸ್ ಕೊಟ್ಟವನು ಮ್ಯಾಕ್ ಅಲಿಸ್ಟರ್. ಮೈದಾನದ ನಡುವೆ ಒಂದೇ ಸ್ಪರ್ಶದಲ್ಲಿ ಚೆಂಡನ್ನು ತಿರುಗಿಸಿ ಅಲ್ವಾರೆಜ್‌ಗೆ ದಾಟಿಸಿ ಇಡೀ ದಾಳಿಗೆ ಬಾಗಿಲು ತೆರೆದ ಮೆಸ್ಸಿಯ ಹೆಸರು ಆ ಸಾಲಿನಲ್ಲಿಲ್ಲ. ಮಗಳು ಇದನ್ನು ನೋಡಿ ಮೊಬೈಲನ್ನು ಮಗುಚಿಟ್ಟಳು.

ಕಚ್ಚಾ ದತ್ತಾಂಶಕ್ಕೆ ಅಕ್ಕನ ಮಗನ ನೆರವು ಬೇಕಾಯಿತು. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾನು ಎಕ್ಸೆಲ್ ದಾಟಿದವನಲ್ಲ. ಕಡತ ಇಳಿಸಿ ಹಾಳೆಯಾಗಿ ಮಾಡಿಕೊಟ್ಟ. ಒಂದು ಪಂದ್ಯಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಸಾಲು. ಪ್ರತಿ ಪಾಸ್, ಪ್ರತಿ ಟ್ಯಾಕಲ್, ಚೆಂಡು ಹಿಡಿದು ಓಡಿದ ಪ್ರತಿ ಓಟಕ್ಕೂ ಒಂದೊಂದು ಸಾಲು, ಎಲ್ಲಿ ನಡೆಯಿತು ಎಂಬ ಗುರುತಿನೊಂದಿಗೆ.

ಮೊದಲ ಸಂಜೆಯೇ ಗೋಲುಗಳನ್ನು ಎಣಿಸಿದೆ. ಅರ್ಜೆಂಟೀನಾ 7, ಫ್ರಾನ್ಸ್ 5! ಎಂಬಾಪೆಗೆ ನಾಲ್ಕು ಗೋಲು. ಸಾಲುಗಳನ್ನು ಎರಡು ಬಾರಿ ಎಣಿಸಿದರೂ ಅಷ್ಟೇ. ಹುಡುಗ ಹಿಂದೆ ನಿಂತು ನೋಡಿ ನಕ್ಕ.

“ಮಾವ, ಶೂಟೌಟನ್ನೂ ಸೇರಿಸಿಬಿಟ್ಟಿದ್ದೀರಿ. ಅವಧಿ 5 ಎಂದಿರುವುದನ್ನೆಲ್ಲ ತೆಗೆಯಿರಿ.”

ಎರಡು ಅರ್ಧಗಳು, ಹೆಚ್ಚುವರಿ ಅವಧಿಯ ಎರಡು ಭಾಗಗಳು, ಐದನೆಯದು ಪೆನಾಲ್ಟಿ ಶೂಟೌಟ್. ಅದನ್ನು ತೆಗೆದ ಮೇಲೆ 3-3 ಬಂತು. ಈ ತಪ್ಪು ಗೋಲಿನ ಎಣಿಕೆಯಲ್ಲಾದರೆ ಕಣ್ಣಿಗೆ ಹೊಡೆಯುತ್ತದೆ. ನಿರೀಕ್ಷಿತ ಗೋಲು, ಅಂದರೆ ಎಕ್ಸ್‌ಜಿ ಲೆಕ್ಕದಲ್ಲಾದರೆ ಗೊತ್ತೇ ಆಗುವುದಿಲ್ಲ. ಎಂಥ ಜಾಗದಿಂದ, ಎಂಥ ಸಂದರ್ಭದಲ್ಲಿ ಹೊಡೆದ ಹೊಡೆತ ನೂರಕ್ಕೆ ಎಷ್ಟು ಬಾರಿ ಗೋಲಾಗುತ್ತದೆ ಎಂಬ ಅಂದಾಜೇ ಎಕ್ಸ್‌ಜಿ. ಈ ದತ್ತಾಂಶದಲ್ಲಿ ಒಂದು ಪೆನಾಲ್ಟಿಗೆ ಸುಮಾರು 0.78, ಅಂದರೆ ನೂರಕ್ಕೆ 78. ಶೂಟೌಟ್‌ನಲ್ಲಿ ಎರಡೂ ತಂಡಗಳು ನಾಲ್ಕು ನಾಲ್ಕು ಹೊಡೆದವು, ಅಂದರೆ ಇಬ್ಬರ ಲೆಕ್ಕಕ್ಕೂ ಮೂರು ಗೋಲಿಗಿಂತ ಹೆಚ್ಚು ಸುಮ್ಮನೆ ಸೇರಿಕೊಂಡಿತ್ತು. ಬೇರೆ ಸಂಸ್ಥೆಗಳ ಮಾದರಿಯಲ್ಲಿ ಅದೇ ಪೆನಾಲ್ಟಿ 0.76 ಅಥವಾ 0.79 ಆಗುತ್ತದೆ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಯದಕ್ಕೆ ಕೂಡಿಸಲೇಬಾರದು.

ಎಕ್ಸ್‌ಜಿ ನನಗೆ ಒಂದು ಉಪಕಾರ ಮಾಡಿತು. ಪಂದ್ಯದ ಒಳಗೆ ಫ್ರಾನ್ಸ್‌ಗೆ ಸಿಕ್ಕ ಪೆನಾಲ್ಟಿ ಎರಡು, ಅರ್ಜೆಂಟೀನಾಕ್ಕೆ ಒಂದು. ಫ್ರಾನ್ಸ್‌ನ ಮೊತ್ತದಲ್ಲಿ 1.56 ಈ ಎರಡು ಹೊಡೆತಗಳದ್ದೇ. ಮೊತ್ತವನ್ನು ಮಾತ್ರ ನೋಡಿದವನು ಸಮಬಲದ ಪಂದ್ಯ ಎನ್ನುತ್ತಾನೆ. ಪೆನಾಲ್ಟಿಗಳನ್ನು ಪಕ್ಕಕ್ಕಿಟ್ಟು, 80ನೇ ನಿಮಿಷಕ್ಕೆ ಮುಂಚೆ ಮತ್ತು ಆಮೇಲೆ ಎಂದು ಸೀಳಿ ನೋಡಿದರೆ ಅದು ಎರಡು ಬೇರೆ ಪಂದ್ಯ. ಸೀಳುವಾಗಲೂ ಒಂದು ಕಿತಾಪತಿಯಿದೆ. ಇಲ್ಲಿ ನಿಮಿಷಗಳು ಸೊನ್ನೆಯಿಂದ ಶುರುವಾಗುತ್ತವೆ, ಪತ್ರಿಕೆಯ 80ನೇ ನಿಮಿಷ ಈ ಹಾಳೆಯಲ್ಲಿ 79.

ಇನ್ನು ನನ್ನ ಡಿ ಮರಿಯಾ. ಎಡಬದಿಯಲ್ಲಿ ಅವನು, ಅವನೆದುರು ಫ್ರಾನ್ಸ್‌ನ ಬಲ ಡಿಫೆಂಡರ್ ಕುಂಡೆ. ಇಬ್ಬರೂ ಆಡಿದ ಜಾಗಗಳಿಗೆ ಚುಕ್ಕೆ ಹಾಕಿ ಒಂದೇ ಮೈದಾನದ ಮೇಲೆ ಇಟ್ಟರೆ ಒಬ್ಬ ಮೇಲಿನ ಬಲ ಮೂಲೆಯಲ್ಲಿ, ಇನ್ನೊಬ್ಬ ಕೆಳಗಿನ ಎಡ ಮೂಲೆಯಲ್ಲಿ. ಪಂದ್ಯವಿಡೀ ಇವರು ಒಬ್ಬರನ್ನೊಬ್ಬರು ಭೇಟಿಯೇ ಆಗಿಲ್ಲವೇ? ಒಂದು ಗಂಟೆ ಕೊರಗಿದ ಮೇಲೆ ಹೊಳೆಯಿತು. ಈ ದತ್ತಾಂಶದಲ್ಲಿ ಮೈದಾನ 120ಕ್ಕೆ 80 ಅಳತೆಯದು ಮತ್ತು ಎರಡೂ ತಂಡಗಳು ಯಾವಾಗಲೂ ಎಡದಿಂದ ಬಲಕ್ಕೇ ದಾಳಿ ಮಾಡುತ್ತವೆ. ಕುಂಡೆಯ ಅಂಕಿಗಳನ್ನು 120ರಿಂದಲೂ 80ರಿಂದಲೂ ಕಳೆದು ತಿರುಗಿಸಿದಾಗ ಚುಕ್ಕೆಗಳು ಒಂದರ ಮೇಲೊಂದು ಕುಳಿತವು.

ಇಷ್ಟು ಹೊತ್ತಿಗೆ ನನ್ನ ಕಥೆ ಸಿದ್ಧವಾಗಿತ್ತು. ಡಿ ಮರಿಯಾ ಕುಂಡೆಯನ್ನು ಸುಲಿದು ಹಾಕಿದ. ಆದರೆ 23ನೇ ನಿಮಿಷದ ಪೆನಾಲ್ಟಿಗೆ ಕಾರಣವಾದ ತಪ್ಪಿನ ಸಾಲಿನಲ್ಲಿ ಹೆಸರು ಕುಂಡೆಯದಲ್ಲ, ಬಲಬದಿಯ ಫಾರ್ವರ್ಡ್ ಡೆಂಬೆಲೆಯದು. 41ನೇ ನಿಮಿಷದಲ್ಲಿ ಕೋಚ್ ದೆಶಾಂ ಹೊರಗೆ ಕರೆದದ್ದೂ ಡೆಂಬೆಲೆಯನ್ನು, ಜೊತೆಗೆ ಜಿರೂನನ್ನು. ಕುಂಡೆ 120 ನಿಮಿಷ ಮುಗಿಯುವವರೆಗೂ ಮೈದಾನದಲ್ಲೇ ಇದ್ದ. ದೆಶಾಂಗೆ ಕಂಡದ್ದು ನನ್ನ ಹಾಳೆಯಲ್ಲಿ ಏಕೆ ಕಾಣಲಿಲ್ಲ? ಚೆಂಡಿನ ಬಳಿ ಏನಾದರೂ ಮಾಡಿದವನಿಗೆ ಮಾತ್ರ ಇಲ್ಲಿ ಸಾಲು. ಹಿಂದಕ್ಕೆ ಓಡಿಬರಬೇಕಿದ್ದವನು ಬರದಿದ್ದರೆ ಅದಕ್ಕೆ ಸಾಲಿಲ್ಲ. ಆಯಾ ಕ್ಷಣದಲ್ಲಿ ಕ್ಯಾಮೆರಾಕ್ಕೆ ಕಂಡ ಆಟಗಾರರೆಲ್ಲ ಎಲ್ಲೆಲ್ಲಿ ನಿಂತಿದ್ದರು ಎಂಬ ಇನ್ನೊಂದು ಕಡತವೂ ಈ ವಿಶ್ವಕಪ್‌ಗೆ ಉಚಿತವಾಗಿ ಸಿಗುತ್ತದೆ. ಅದನ್ನು ಬಿಡಿಸುವಷ್ಟು ತಾಳ್ಮೆ ಅಕ್ಕನ ಮಗನಿಗೂ ಇರಲಿಲ್ಲ, ಅವನಿಗೆ ಪರೀಕ್ಷೆ ಹತ್ತಿರವಿತ್ತು.

ಅದಕ್ಕೇ ವಿಡಿಯೊ. ತಂತ್ರಾಂಶದಲ್ಲಿ ಒಂದೊಂದು ಘಟನೆಗೆ ಒಂದೊಂದು ಕೀಲಿ ಗೊತ್ತು ಮಾಡಿಕೊಳ್ಳುವುದು. ಒತ್ತಿದರೆ ಅದರ ಹಿಂದಿನ ಹತ್ತು ಸೆಕೆಂಡು, ಮುಂದಿನ ಐದು ಸೆಕೆಂಡು ತುಂಡಾಗಿ ಉಳಿಯುತ್ತದೆ. 120 ನಿಮಿಷದ ಆಟಕ್ಕೆ ನನಗೆ ಮೂರು ಸಂಜೆ ಹಿಡಿಯಿತು. ನಾಲ್ಕರಲ್ಲಿ ಅತಿ ಬೇಸರದ ಕೆಲಸ ಇದೇ, ಬೆನ್ನು ಹಿಡಿದುಕೊಂಡಿತು. ಟಿ.ವಿ. ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ, ನಡುನಡುವೆ ಕೋಚ್‌ಗಳ ಮುಖ, ಗ್ಯಾಲರಿಯ ಕಣ್ಣೀರು. ಆದರೂ ಎಡಬದಿಯ ದಾಳಿಗಳ ತುಂಡುಗಳನ್ನು ಸಾಲಾಗಿ ಓಡಿಸಿದಾಗ, ಡಿ ಮರಿಯಾನಿಗೆ ಚೆಂಡು ಸಿಕ್ಕಾಗಲೆಲ್ಲ ಅವನ ಸುತ್ತ ಎಷ್ಟು ಜಾಗವಿತ್ತು, ಆ ಜಾಗ ತುಂಬಬೇಕಿದ್ದವನು ಎಲ್ಲಿದ್ದ ಎಂಬುದು ಯಾರೂ ಹೇಳಿಕೊಡದೆ ಕಂಡಿತು. 64ನೇ ನಿಮಿಷದಲ್ಲಿ ಡಿ ಮರಿಯಾನನ್ನು ಹೊರಗೆ ಕರೆದು ಅಕುನಾನನ್ನು ಇಳಿಸಿದ ಮೇಲೆ ಎಡಬದಿಯ ದಾಳಿಯ ಕೀಲಿಯನ್ನು ಒತ್ತುವ ಅವಕಾಶ ವಿರಳವಾಯಿತು. ಮನೆಯ ಜಗಳದಲ್ಲಿ ನನ್ನ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಲ್ಲ. ಮಗಳು ಒಪ್ಪಿಲ್ಲ.

ದೊಡ್ಡ ಪಂದ್ಯದ ಮಟ್ಟಿಗೆ ನನ್ನ ಆಯ್ಕೆ ಕಚ್ಚಾ ದತ್ತಾಂಶ. ಎಲ್ಲಿ ನೋಡಬೇಕು ಎಂದು ಅದು ಬೆರಳು ತೋರಿಸುತ್ತದೆ, ಅಷ್ಟು ತುಂಡುಗಳನ್ನು ಮಾತ್ರ ವಿಡಿಯೊದಲ್ಲಿ ನೋಡಿದರೆ ಮೂರು ಸಂಜೆ ಒಂದಕ್ಕೆ ಇಳಿಯುತ್ತದೆ. ಸಿದ್ಧ ಅಂಕಿ ವಾದಕ್ಕೆ ಸಾಕು. ಆದರೆ ನಮ್ಮ ಹುಡುಗರ ಪಂದ್ಯಕ್ಕೆ ಯಾವ ಸಂಸ್ಥೆಯ ದತ್ತಾಂಶವೂ ಇಲ್ಲ, ಇರುವುದು ನನ್ನ ಪೆನ್ಸಿಲ್ ಮತ್ತು ಮೈದಾನದ ಪಕ್ಕದ ಮನೆಯ ತಾರಸಿಯಲ್ಲಿ ಇಡಲು ಒಂದು ಹಳೆಯ ಮೊಬೈಲ್. ಎತ್ತರದಲ್ಲಿ ಅಲುಗಾಡದೆ ನಿಂತರೆ ಅದು ಟಿ.ವಿ.ಗಿಂತ ವಾಸಿ, ಇಡೀ ಮೈದಾನ ಒಂದೇ ಚೌಕಟ್ಟಿನಲ್ಲಿ ಬರುತ್ತದೆ.

ಈ ಪರೀಕ್ಷೆಗೆ ಮುಂಚೆ ಎರಡು ಭಾನುವಾರ ನನ್ನ ನೋಟ್‌ಬುಕ್ಕಿನಲ್ಲಿ ಎದುರಾಳಿಗಳ ಬಾಣಗಳೆಲ್ಲ ನಮ್ಮ ಬಲಬದಿಯಲ್ಲೇ ಬಿದ್ದಿದ್ದವು. ನಮ್ಮ ಬಲ ಡಿಫೆಂಡರ್ ಹುಡುಗನನ್ನು ಕೂರಿಸಿ, ನೀನು ತಡವಾಗಿ ತಿರುಗುತ್ತಿದ್ದೀಯ ಎಂದು ಬುದ್ಧಿ ಹೇಳಿದ್ದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಮೂರನೆಯ ವಾರ ತಾರಸಿಯ ಮೊಬೈಲ್‌ನಿಂದ ಆರು ತುಂಡು ಮಾಡಿ ಎಲ್ಲರಿಗೂ ತೋರಿಸಿದೆ. ನಾಲ್ಕನೆಯ ತುಂಡಿನಲ್ಲಿ ಬಲಬದಿಯ ಫಾರ್ವರ್ಡ್ ಹುಡುಗ ಮೊದಲು ತನ್ನನ್ನು ತಾನೇ ಗುರುತಿಸಿದ.

“ಅಂಕಲ್, ಅಲ್ಲಿ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿರುವುದು ನಾನೇ ಅಲ್ಲವೇ?”

ಡಿಫೆಂಡರ್ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದ. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಬರೆದಿದ್ದನ್ನು ಅಲ್ಲೇ ಅವನ ಎದುರಿಗೇ ಅಳಿಸಿದೆ.