ಬುಲೆಟ್ ಒಂದು ಕಡೆ ಎಳೀತಿದೆಯಾ? ಚಾಸಿಗೆ ಗ್ಯಾಸ್ ಹಿಡಿಯೋಕೆ ಬಿಡಬೇಡಿ

ದಾವಣಗೆರೆ ಹತ್ತಿರ ಹೈವೇ ಪಕ್ಕದ ಒಂದು ಗ್ಯಾರೇಜಿನಲ್ಲಿ ಹಳೇ ಬುಲೆಟ್ ಸ್ಟ್ಯಾಂಡರ್ಡ್ 350 ಹಾಳಾದ ಬಗೆ ಇದು. ಗಾಡಿ ಬಲಕ್ಕೆ ಎಳೀತಿತ್ತು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ ಮೇಸ್ತ್ರಿ 'ಚಾಸಿ ಬೆಂಡ್' ಅಂದ, ಅಂದರೆ ಗಾಡಿಯ ಪೈಪಿನ ಚೌಕಟ್ಟೇ ಬಾಗಿದೆ ಅಂತ. ಟ್ಯಾಂಕ್ ಇಳಿಸಿ, ಸ್ಟೀರಿಂಗ್ ತಲೆಯ (ಹ್ಯಾಂಡಲ್ ತಿರುಗುವ ಮುಂದಿನ ಕೊಳವೆ) ಕೆಳಗೆ ಕೆಂಪಾಗುವ ತನಕ ಗ್ಯಾಸ್ ಬೆಂಕಿ ಹಿಡಿದು, ತಲೆಯೊಳಗೆ ಪೈಪ್ ತೂರಿಸಿ ಎಳೆದರು. ಮೇಲೆ ಪುಟ್ಟಿ, ಬಣ್ಣ. ಎಳೆತ ಹೋಗಲಿಲ್ಲ, ಜೊತೆಗೆ ಹ್ಯಾಂಡಲ್ ಅದುರುವುದು ಶುರುವಾಯ್ತು.

ಆಮೇಲೆ ಬಿಚ್ಚಿದಾಗ ಸಿಕ್ಕಿದ್ದು ಎರಡೇ. ಹಿಂದಿನ ಆಕ್ಸಲ್‌ನ ಎರಡು ಬದಿಯ ಚೈನ್ ಅಡ್ಜಸ್ಟರ್ (ಆಕ್ಸಲ್ಲನ್ನು ಹಿಂದೆ ಮುಂದೆ ಸರಿಸುವ ಹಲ್ಲಿನ ಬಿಲ್ಲೆ) ಒಂದಕ್ಕೊಂದು ಹೊಂದಿರಲಿಲ್ಲ, ಎಂಜಿನ್ ಮುಂದಿನ ಪ್ಲೇಟಿನ ಬೋಲ್ಟ್ ಸಡಿಲವಾಗಿದ್ದವು. ಈ ಹಳೇ ಬುಲೆಟ್‌ನಲ್ಲಿ ಎಂಜಿನ್ ಅಡಿಗೆ ಚಾಸಿ ಪೈಪ್ ಇಲ್ಲ, ಮುಂದಿನ ಪೈಪ್ ಬಂದು ಎಂಜಿನ್‌ಗೇ ಸೇರುತ್ತೆ. ಎಂಜಿನ್ನೇ ಚಾಸಿಯ ಭಾಗ. ಆ ಬೋಲ್ಟ್ ಸಡಿಲಾದರೆ ಒಳ್ಳೆಯ ಚಾಸಿಯೂ ತಿರುಚಿದಂತೆ ಓಡುತ್ತೆ. ಚಾಸಿಯ ಪೈಪುಗಳನ್ನು ಲಗ್‌ಗಳಿಗೆ (ಪೈಪ್ ಸೇರಿಸುವ ಲೋಹದ ಗೂಡು) ಹಿತ್ತಾಳೆ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಜಾಯಿಂಟ್ ಪಕ್ಕದಲ್ಲೇ ಬಿಸಿ ಹೆಚ್ಚಾದರೆ ಬೆಸುಗೆ ಕರಗಿ ಹೊರಗೆ ಬರುತ್ತೆ. ಈ ಗಾಡಿಯಲ್ಲಿ ಆಗಿದ್ದೂ ಅದೇ, ಪುಟ್ಟಿ ಕೆರೆದಾಗ ಕಂಡಿತು.

ಚಿತ್ರದುರ್ಗದ ಕಡೆ ಇನ್ನೊಂದು ಸಬೂಬು ಕೇಳಿರ್ತೀರಿ: 'ಇಲ್ಲಿನ ಗಾಳಿಗೆ ಎಲ್ಲಾ ಗಾಡಿನೂ ಎಳೀತವೆ'. ಅಲ್ಲಿನ ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನ್ ಸುಮ್ಮನೆ ನಿಲ್ಲಿಸಿಲ್ಲ, ಗಾಳಿ ನಿಜವೇ. ಆದರೆ ಮಳೆಗಾಲದ ಗಾಳಿ ದುರ್ಗದಿಂದ ದಾವಣಗೆರೆಗೆ ಹೋಗುವಾಗ ಎಡದಿಂದ ಹೊಡೆದರೆ, ಬರುವಾಗ ಬಲದಿಂದ ಹೊಡೆಯುತ್ತೆ. ಎರಡೂ ದಾರಿಯಲ್ಲಿ ಬಲಕ್ಕೇ ಎಳೆದರೆ ಗಾಡಿಯದೇ ದೋಷ. ಎಡಕ್ಕೆ ಸ್ವಲ್ಪ ಎಳೆದರೆ ಮಾತ್ರ ರಸ್ತೆಯ ಎಡ ಅಂಚಿನ ಇಳಿಜಾರನ್ನೂ ಅನುಮಾನಿಸಿ, ಸಮತಟ್ಟು ಜಾಗದಲ್ಲಿ ಇನ್ನೊಮ್ಮೆ ಓಡಿಸಿ.

ಚಾಸಿ ಮುಟ್ಟುವ ಮೊದಲು ದಾರ ಹಿಡಿಯಿರಿ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಲಿ. ಉದ್ದ ದಾರದ ನಡುಭಾಗವನ್ನು ಹಿಂದಿನ ಟೈರಿನ ಹಿಂಬದಿಗೆ ಸುತ್ತಿ, ಸ್ಟ್ಯಾಂಡು, ಸೈಲೆನ್ಸರ್ ತಾಗದಷ್ಟು ಎತ್ತರದಲ್ಲಿ ಎರಡು ತುದಿಯನ್ನೂ ಮುಂದಿನ ಚಕ್ರದಾಚೆ ಬಿಗಿಯಾಗಿ ಎಳೆಯಿರಿ. ತುದಿಗಳನ್ನು ಅಗಲ ಹಿಡಿದು ನಿಧಾನ ಒಳಗೆ ತನ್ನಿ. ಹಿಂದಿನ ಟೈರಿನ ಮುಂಬದಿಗೆ ದಾರ ಸೋಕಿದ ಕ್ಷಣ ನಿಲ್ಲಿಸಿ, ಒತ್ತಿದರೆ ಅಳತೆ ಸುಳ್ಳು. ಮುಂದೆ ಹಿಂದೆ ಎರಡೂ 3.25–19 ಟೈರ್ (3.25 ಇಂಚು ಅಗಲ) ಆದರೆ ದಾರ ಮುಂದಿನ ಟೈರಿಗೂ ಎರಡು ಬದಿ ಹಾಗೇ ಸೋಕಬೇಕು. ಹಿಂದೆ 3.50 ಹಾಕಿದ್ದರೆ ಪ್ರತಿ ಬದಿ ಸುಮಾರು 3 ಮಿ.ಮೀ. ಸಂದು ಬರುತ್ತೆ, ಅದು ಸರಿಯೇ.

ಒಂದು ಬದಿ ಸಂದು ಹೆಚ್ಚಿದ್ದರೆ ಆ ಬದಿಯ ಆಕ್ಸಲ್ ತುದಿಯನ್ನು ಮುಂದಕ್ಕೆ ತನ್ನಿ, ಇಲ್ಲವೇ ಇನ್ನೊಂದು ಬದಿಯನ್ನು ಹಿಂದಕ್ಕೆ. ಒಂದು ಬದಿ 1 ಮಿ.ಮೀ. ಸರಿದರೂ ಮುಂದಿನ ಚಕ್ರದ ಹತ್ತಿರ ಆರೇಳು ಮಿ.ಮೀ. ವ್ಯತ್ಯಾಸ ಕಾಣುತ್ತೆ. ಅಡ್ಜಸ್ಟರಿನ ಹಲ್ಲು ಎಣಿಸಿ ಕೂರಬೇಡಿ. ಸವೆದದ್ದೊಂದು, ಹೊಸದೊಂದು ಇದ್ದರೆ ಎಣಿಕೆ ಹೊಂದಿದರೂ ಚಕ್ರ ಓರೆ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದ ಕವಲು) ಪಿನ್ನಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡು ಬದಿಯೂ ಅಳೆಯಿರಿ. ಕೊನೆಗೆ ಚೈನ್ ಬಿಗಿ ನೋಡಿ.

ಈ ಅಳತೆ ಸಮ ಬಂದ ಮೇಲೂ ಮುಂದಿನ ಚಕ್ರ ಒಟ್ಟಾಗಿ ಒಂದು ಬದಿಗೇ ಕೂತಿದ್ದರೆ ಸ್ಪೇಸರ್ (ಆಕ್ಸಲ್ ಮೇಲಿನ ಅಂತರದ ಬಳೆ) ಅದಲುಬದಲಾಗಿರುತ್ತೆ, ಇಲ್ಲವೇ ಕಡ್ಡಿ ಕಟ್ಟುವಾಗ ರಿಮ್ ಸರಿದಿರುತ್ತೆ. ಒಂದು ಚಕ್ರ ನೆಟ್ಟಗೆ, ಇನ್ನೊಂದು ವಾಲಿದಂತೆ ಕಂಡರೆ ಮೊದಲು ಫೋರ್ಕ್ (ಮುಂದಿನ ಚಕ್ರ ಹಿಡಿದ ಕವಲು) ನೋಡಿ. ಕ್ಲಾಂಪ್ ಬೋಲ್ಟ್‌ಗಳನ್ನೂ ಮುಂದಿನ ಆಕ್ಸಲ್ಲನ್ನೂ ಸಡಿಲಿಸಿ, ಫೋರ್ಕನ್ನು ಎರಡು ಮೂರು ಸಲ ಅದುಮಿ, ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಫೋರ್ಕ್ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಬೆಂಡ್ ತಿಳಿಯುತ್ತೆ. ಸ್ವಿಂಗ್ ಆರ್ಮ್ ಬುಷ್, ಕೋನ್ ಸೆಟ್ (ಸ್ಟೀರಿಂಗ್ ಬೇರಿಂಗ್) ಕೂಡ ಆಡಿಸಿ ನೋಡಿ.

ಚಾಸಿ ನಿಜವಾಗಿ ಬೆಂಡಾಗಿದ್ದರೆ ಸಾಮಾನ್ಯವಾಗಿ ಗುರುತು ಇರುತ್ತೆ: ಸ್ಟೀರಿಂಗ್ ತಲೆಯ ಕೆಳಗೆ ಪೈಪಿನಲ್ಲಿ ಸುಕ್ಕು, ಬಣ್ಣದಲ್ಲಿ ಬಿರುಕು. ಆಗಲೂ ಜಿಗ್ (ಚಾಸಿಯನ್ನು ಬಿಗಿದು ಅಳೆಯುವ ಕಟ್ಟು) ಇರುವವರ ಹತ್ತಿರವೇ, ಬಿಸಿ ಮಾಡದೆ ಎಳೆಸಿ. ಈಗಾಗಲೇ ಗ್ಯಾಸ್ ತಿಂದ ಚಾಸಿಯಾದರೆ ಪುಟ್ಟಿ ಕೆರೆದು ಎಲ್ಲ ಜಾಯಿಂಟ್ ನೋಡುವವರೆಗೆ ಹೈವೇಗೆ ಇಳಿಸಬೇಡಿ. ಚಾಸಿ ನಂಬರ್ ಪಂಚ್ ಮಾಡಿರುವುದೂ ಆ ತಲೆಯ ಹತ್ತಿರವೇ. ಗ್ರೈಂಡರ್‌ನಲ್ಲಿ ಅದು ಅಳಿಸಿದರೆ ಆರ್.ಸಿ. ರಿನ್ಯೂವಲ್‌ಗೆ ಗಾಡಿ ತೋರಿಸುವಾಗ ತಕರಾರು ಬರುತ್ತೆ. ಕೆಲಸಕ್ಕೆ ಬಿಡುವ ಮೊದಲು ನಂಬರಿನ ಫೋಟೋ ತೆಗೆದಿಡಿ.