ಹದಿನಾರು ಮನೆ, ನಾಲ್ಕು ಬಾಣ
2048 ಆಟವನ್ನು ಇಟಲಿಯ ಗೇಬ್ರಿಯೆಲೆ ಚಿರುಲ್ಲಿ 2014ರಲ್ಲಿ ಬ್ರೌಸರಿಗೆಂದು ಬರೆದು, ಸೋರ್ಸ್ ಕೋಡನ್ನೂ ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಹದಿನಾರು ಮನೆ, ನಾಲ್ಕು ಬಾಣದ ಕೀಲಿ. ಬಾಣ ಒತ್ತಿದರೆ ಅಂಕಿಯ ಬಿಲ್ಲೆಗಳೆಲ್ಲ ಆ ಕಡೆಗೆ ಜಾರುತ್ತವೆ, ಒಂದೇ ಅಂಕಿಯ ಎರಡು ತಾಗಿದರೆ ಕೂಡಿ ಒಂದಾಗುತ್ತವೆ, ಪ್ರತಿ ನಡೆಗೂ ಹೊಸದೊಂದು ಬರುತ್ತದೆ; 2048ರ ಬಿಲ್ಲೆ ಮಾಡುವುದೇ ಗುರಿ. ಗಡಿಯಾರವಿಲ್ಲ, ‘ಜೀವ’ ಕೊಳ್ಳಿರೆಂಬ ಪೀಡೆಯಿಲ್ಲ. ನನಗೆ ಹಿಡಿಸಿದ್ದು ಒಂದು ಸಣ್ಣ ಜಾಣ್ಮೆ: ಹೊಸ ಬಿಲ್ಲೆ ಹತ್ತರಲ್ಲಿ ಒಂಬತ್ತು ಸಲ 2 ಆಗಿಯೇ ಬರುತ್ತದೆ, ಅಪರೂಪಕ್ಕೆ 4. ಆ 4 ಬೇಡದ ಮನೆಯಲ್ಲಿ ಕುಳಿತರೆ ಅರ್ಧ ಗಂಟೆಯ ಲೆಕ್ಕಾಚಾರ ತಲೆಕೆಳಗು, ಆದರೂ ಮೋಸವಾಯಿತೆನಿಸುವುದಿಲ್ಲ. ದೊಡ್ಡ ಬಿಲ್ಲೆಯನ್ನು ಮೂಲೆಗೆ ಒತ್ತಿಡುವ ಗುಟ್ಟು ತಿಳಿದ ಮೇಲೆ ಮಾತ್ರ ಕೈ ಯಾಂತ್ರಿಕವಾಗುತ್ತದೆ. ಅದು ದೋಷವೇ.

ಕಳೆದ ವಾರ ಇದರದೊಂದು ನಕಲನ್ನು ತೆರೆದೆ. ಮೂರನೇ ನಡೆಗೇ ಚಿನ್ನದ ಸಾಲದ ಜಾಹೀರಾತು ಹಲಗೆಯ ಮೇಲೆ ಬಂದು ಕುಳಿತಿತು. ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು. ಬೆರಳು ತಪ್ಪಿತು, ಸಾಲದ ಅರ್ಜಿ ತೆರೆದುಕೊಂಡಿತು.