ವಾಟರ್ ಕೂಲಿಂಗ್ ಫಿಟ್ಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತುವವರ ಕೈಗೆ ಕಂಪ್ಯೂಟರ್ ಕೊಡಬೇಡಿ

ಕಂಪ್ಯೂಟರ್ ಬಿಸಿಯಾಗದಂತೆ ಅದರೊಳಗೆ ಟ್ಯೂಬುಗಳಲ್ಲಿ ನೀರು ಹರಿಸುವ ಕಸ್ಟಮ್ ವಾಟರ್ ಕೂಲಿಂಗ್ ಮಾಡಿಕೊಡುತ್ತೇನೆಂದು ಹೇಳಿಕೊಳ್ಳುವ ಬೆಂಗಳೂರಿನ ಒಬ್ಬ ಅಸೆಂಬ್ಲರ್‌ಗೆ ಕಂಪ್ಯೂಟರ್ ಒಪ್ಪಿಸಿ, ಮನೆಗೆ ತಂದ ಹನ್ನೊಂದನೆಯ ದಿನವೇ ಗ್ರಾಫಿಕ್ಸ್ ಕಾರ್ಡ್ ಕಳೆದುಕೊಂಡಿದ್ದೇನೆ. ಹಣ ಹೋದದ್ದು ಒಂದು ಸಂಕಟವಾದರೆ, ಆತ ಕೆಲಸ ಕೆಡಿಸುತ್ತಿದ್ದಾಗ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಮೆಚ್ಚುತ್ತ ಕುಳಿತಿದ್ದೆನಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ.

ಆತ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ತೆಗೆದು, ಮದುಮಗಳಿಗೆ ಕಂಕಣ ಕಟ್ಟುವಷ್ಟು ಶ್ರದ್ಧೆಯಿಂದ ಟ್ಯೂಬು ಜೋಡಿಸುವ ಒಂದೊಂದು ಫಿಟ್ಟಿಂಗ್‌ಗೂ ಮೂರು ಸುತ್ತು ಸುತ್ತಿ, ಸ್ಪ್ಯಾನರ್ ಹಾಕಿ ಕಿರ್ರೆನ್ನುವವರೆಗೆ ಬಿಗಿದ. ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡು ನಾನು 500 ರೂಪಾಯಿ ಹೆಚ್ಚಿಗೆ ಕೊಟ್ಟೆ. ಹೌದು, ಕೇಳದೆಯೇ ಕೊಟ್ಟೆ.

ಈ ಫಿಟ್ಟಿಂಗ್‌ಗಳದು ಜಿ 1/4 ಅಳತೆಯ ನೇರ ಥ್ರೆಡ್. ಒಳಹೋದಂತೆಲ್ಲ ಬಿಗಿಯಾಗುವ ಪೈಪಿನ ಓರೆ ಥ್ರೆಡ್ ಅಲ್ಲ. ಇಲ್ಲಿ ನೀರನ್ನು ತಡೆಯುವುದು ಬುಡದಲ್ಲಿರುವ ರಬ್ಬರ್ ಓ-ರಿಂಗ್. ಅದು ಬ್ಲಾಕ್‌ನ, ಅಂದರೆ ಕಾರ್ಡಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಭಾಗದ, ಮುಖಕ್ಕೆ ಸಮನಾಗಿ ಕೂರುವಷ್ಟು ಕೈಯಲ್ಲಿ ತಿರುಗಿಸಿದರೆ ಸಾಕು. ಟೇಪ್ ಸುತ್ತಿದರೆ ಥ್ರೆಡ್ ದಪ್ಪವಾಗಿ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ಕೂರಲಿಲ್ಲವೆಂದು ಸ್ಪ್ಯಾನರ್ ಹಾಕಿದರೆ ಬ್ಲಾಕ್‌ನ ಅಕ್ರಿಲಿಕ್ ಪ್ಲಾಸ್ಟಿಕ್ ಸೀಳುತ್ತದೆ. ನನ್ನದೂ ಹಾಗೆಯೇ ಸೀಳಿತು. ಬ್ಲಾಕ್‌ನ ರಂಧ್ರದ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು; ಅದರಿಂದ ಜಿನುಗಿದ ಹನಿಗಳು ಕಾರ್ಡಿನ ಅಂಚಿನಲ್ಲೇ ಜಾರಿ ಅದನ್ನು ಸಿಕ್ಕಿಸುವ ಸ್ಲಾಟಿನೊಳಗೆ ಇಳಿದಿದ್ದವು. ಬಿಚ್ಚಿ ನೋಡಿದರೆ ಇನ್ನೊಂದು ಪ್ರತಾಪ: ಗಟ್ಟಿ ಟ್ಯೂಬನ್ನು ಕತ್ತರಿಸಿದ ತುದಿಯನ್ನು ಉಜ್ಜಿ ನಯ ಮಾಡದೆ ಹಾಗೆಯೇ ತುರುಕಿದ್ದರಿಂದ, ಫಿಟ್ಟಿಂಗ್‌ನೊಳಗಿನ ಓ-ರಿಂಗ್ ಹರಿದು ಅದರ ಕರಿಯ ಚೂರು ಟ್ಯೂಬಿಗೆ ಅಂಟಿಕೊಂಡಿತ್ತು.

ಇನ್ನು ಆತನ ಉತ್ತರಗಳು. "ಟೇಪ್ ಇಲ್ದೆ ನೀರು ನಿಲ್ಲುತ್ತಾ ಸಾರ್? ಯಾವ ಪ್ಲಂಬರ್‌ನಾದ್ರೂ ಕೇಳಿ" ಎಂಬುದು ಮೊದಲನೆಯದು. ನಾನು ಕಂಪ್ಯೂಟರ್ ಕೊಟ್ಟದ್ದು ಪ್ಲಂಬರ್‌ಗೇ ಎಂದು ನನಗೆ ಖಾತ್ರಿಯಾದದ್ದು ಆಗಲೇ. "ಲೀಕ್ ಟೆಸ್ಟ್ ನಿಮ್ಮ ಮುಂದೇನೇ ಮಾಡಿದ್ವಲ್ಲ" ಎಂದ. ಆ ಟೆಸ್ಟ್ ಎಂದರೆ ಇಡೀ ಕಂಪ್ಯೂಟರನ್ನು ಆನ್ ಮಾಡಿ ಹತ್ತು ನಿಮಿಷ ಅದರ ಬಣ್ಣದ ದೀಪ ನೋಡಿದ್ದು. "ಡಿಸ್ಟಿಲ್ಡ್ ವಾಟರ್‌ನಿಂದ ಕಾರ್ಡ್ ಹೋಗಲ್ಲ ಸಾರ್, ನಿಮ್ಮ ಕಾರ್ಡೇ ವೀಕ್ ಇತ್ತು" ಎಂದ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು ನಿಜ, ಆದರೆ ಅದೇ ನೀರಿಗೆ ನೀಲಿ ಬಣ್ಣ ಸುರಿದವನೂ ಅವನೇ, ಮೇಲಾಗಿ ಧೂಳಿನ ಬೋರ್ಡ್ ಮೇಲೆ ಹರಿದ ನೀರು ಶುದ್ಧವಾಗಿ ಉಳಿಯುವುದೂ ಇಲ್ಲ. ಕೊನೆಗೆ, "ಆಟೋದಲ್ಲಿ ತಗೊಂಡ್ ಹೋದ್ರಲ್ಲ, ಅಲ್ಲೇ ಜರ್ಕ್ ಆಗಿರುತ್ತೆ" ಎಂದು ತಪ್ಪನ್ನು ನನ್ನ ತಲೆಗೆ, ನನ್ನ ತಲೆಯಿಂದ ಆಟೋದವನ ತಲೆಗೆ ಕಟ್ಟಿದ.

ಬಿಳಿ ಟೇಪ್ ಹೊರಬಂದ ಕ್ಷಣವೇ ಕಂಪ್ಯೂಟರ್ ಎತ್ತಿಕೊಂಡು ಬನ್ನಿ. ನೀರು ತುಂಬುವ ಮೊದಲು ಗಾಳಿಯ ಒತ್ತಡ ಕೊಟ್ಟು ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನಿಮ್ಮೆದುರೇ ತೋರಿಸಲಿ. ಆ ಉಪಕರಣ ಇಲ್ಲದಿದ್ದರೆ, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಇಟ್ಟು, ಬೋರ್ಡಿಗೂ ಕಾರ್ಡಿಗೂ ವಿದ್ಯುತ್ ಕೊಡದೆ ಪಂಪನ್ನು ಮಾತ್ರ ಒಂದು ದಿನವಾದರೂ ಓಡಿಸಲಿ. ಅಷ್ಟು ಹೊತ್ತು ಯಾರು ಕಾಯುತ್ತಾರೆ ಎನ್ನುವವನ ಅಂಗಡಿಯಲ್ಲಿ ನನ್ನಂತೆ ಸ್ಟೂಲ್ ಮೇಲೆ ಕೂರಬೇಡಿ.

ನಿನ್ನೆ ಆತನಿಂದ ಮತ್ತೆ ಸಂದೇಶ ಬಂದಿದೆ. ಹೊಸ ಬ್ಲಾಕ್ ತಂದುಕೊಟ್ಟರೆ ಕೂಲಿಯಲ್ಲಿ ಅರ್ಧ ಬಿಡುತ್ತಾನಂತೆ, ಈ ಸಲ ಟೇಪನ್ನು ಐದು ಸುತ್ತು ಹಾಕುತ್ತಾನಂತೆ.